ಬೋರಲು ಡಬ್ಬ

ಟೈಲರಕ್ಕ ಅಡುಗೆಮನೆಗೆ ಕಾಲಿಟ್ಟಾಗ ಅವಳ ತಮ್ಮ ಬಿಸ್ಕತ್ತಿನ ಡಬ್ಬದೊಳಗೆ ಮಣಿಕಟ್ಟಿನವರೆಗೆ ಕೈ ಇಳಿಸಿ ತಡಕಾಡುತ್ತಿದ್ದ. ಇನ್ನೊಂದು ಕೈಯಲ್ಲಿ ಅಂಗೈಯಗಲದ ಗಾಜಿನ ತಟ್ಟೆಯೊಂದಿತ್ತು. ಅದರ ಮುಚ್ಚಳ ಆಗಲೇ ತೆಗೆದಾಗಿತ್ತು. ಒಳಗಿದ್ದುದನ್ನು ಒಮ್ಮೆ ಮೂಸಿ, ಮುಖ ಕಿವುಚಿ, ಅನುಮಾನ ಬಗೆಹರಿಯದೆ ಮತ್ತೊಮ್ಮೆ ಮೂಸಿದ.

“ಇದರಲ್ಲಿ ಬಿಸ್ಕತ್ತೇ ಇಲ್ಲವಲ್ಲಕ್ಕ. ಯಾವುದೋ ಬೂಷ್ಟು ಹಿಡಿದ ತಟ್ಟೆ ಇಟ್ಟಿದ್ದೀಯ. ತೊಳೆಯೋಕೆ ಹಾಕಲಾ?”

ಹಾಲ್‌ನಲ್ಲಿ ಗಂಡನ ಹೆಣವಿತ್ತು. ಸುತ್ತ ನಲವತ್ತು ಜನ ಕೂತಿದ್ದರು. ಅವರಿಗೆಲ್ಲ ಟೀ ಕೊಡುವ ಹೊಣೆಯನ್ನು ತಮ್ಮ ತಾನಾಗಿಯೇ ಮೈಮೇಲೆ ಎಳೆದುಕೊಂಡಿದ್ದ. ಕೆಲಸ ಅಂದರೆ ಮಾರು ದೂರ ಹಾರುವ ಆಸಾಮಿ, ತಿನ್ನುವುದಕ್ಕೆ ಸಂಬಂಧಪಟ್ಟಿದ್ದಾದರೆ ಮಾತ್ರ ಯಾವತ್ತೂ ಮುಂದೆ. ಟೈಲರಕ್ಕ ಎರಡೇ ಹೆಜ್ಜೆಗೆ ಅಡುಗೆಮನೆ ದಾಟಿ, ಅವನ ಕೈಯಿಂದ ತಟ್ಟೆ ಕಿತ್ತುಕೊಂಡು ಮುಚ್ಚಳ ಹಾಕಿದಳು. 

“ಎಷ್ಟು ಹೊತ್ತು ತೆಗೆದಿಟ್ಟಿದ್ದೆ ಇದನ್ನ?”

“ಟೀ ಕುದಿಯೋವರೆಗೆ. ಯಾಕೆ?”

ಯಾಕೆ ಅಂತ ಹೇಳಲು ಹೊರಟರೆ ಮೂವತ್ತಾರು ವರ್ಷದ ಕತೆ ಹೇಳಬೇಕಿತ್ತು. ಗಂಡನಿಗೆ ಎಲ್ಲರೂ ಇಟ್ಟಿದ್ದ ಹೆಸರು ಮಣ್ಣಣ್ಣ. ಸಂಶೋಧನಾಲಯದ ಮಣ್ಣಿನ ಲ್ಯಾಬಿನಲ್ಲಿ ಸಹಾಯಕನಾಗಿ ಸೇರಿ ಸಹಾಯಕನಾಗಿಯೇ ನಿವೃತ್ತನಾದವನು. ಕಾಡಿಗೆ ಹೋಗುವುದು, ಮರದ ಬುಡದ ಮಣ್ಣು ತರುವುದು, ಅದರಲ್ಲಿರುವ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳನ್ನು ಒಂದೊಂದಾಗಿ ಬೇರ್ಪಡಿಸಿ ಸಾಕುವುದು, ಇದು ಯಾವ ಕುಲದ್ದು, ಯಾರ ನಂಟು ಎಂದು ಪತ್ತೆ ಹಚ್ಚುವುದು, ಇಷ್ಟೇ ಅವನ ಬದುಕು. ಹಾಗೆ ಹುಡುಕುತ್ತ ಯಾವ ಪಟ್ಟಿಯಲ್ಲೂ ಇಲ್ಲದ, ಯಾರಿಗೂ ನಂಟನಲ್ಲದ ಒಂದು ಅವನಿಗೆ ಸಿಕ್ಕಿತ್ತು. ಜಗತ್ತಿನಲ್ಲಿ ಈ ಹೊತ್ತು ಅದು ಜೀವಂತವಾಗಿ ಕೈಗೆ ಸಿಗುವುದು ಈ ಒಂದು ತಟ್ಟೆಯಲ್ಲಿ. ಅದನ್ನೇ ಅವಳ ತಮ್ಮ ಟೀ ಕುದಿಯುವವರೆಗೆ ಗಾಳಿಗೆ ತೆರೆದಿಟ್ಟು ಮೂಸಿದ್ದ.

ಫ್ರಿಜ್ಜಿನ ಪಕ್ಕದ ಕ್ಯಾಲೆಂಡರಿನಲ್ಲಿ ಇವತ್ತಿನ ಸೋಮವಾರಕ್ಕೆ ಕೆಂಪು ಸುತ್ತು ಹಾಕಿತ್ತು. ಆಸ್ಪತ್ರೆಯಲ್ಲಿ ಕೊನೆಯ ದಿನಗಳಲ್ಲಿ ಗಂಡ “ಸೋಮವಾರ, ಸೋಮವಾರ” ಎಂದು ಜಪಿಸಿದ್ದು ಅವಳಿಗೆ ನೆನಪಾಯಿತು. ಸೋಮವಾರ ಮನೆಗೆ ಕಳಿಸಿ ಅನ್ನುತ್ತಿದ್ದಾರೆ ಎಂದುಕೊಂಡು ಅವಳು ಡಾಕ್ಟರ ಬೆನ್ನು ಬಿದ್ದು ಗೋಗರೆದಿದ್ದಳು. ಆ ಮನುಷ್ಯ ಹೇಳಿದ್ದು ತನ್ನ ಬಗ್ಗೆ ಅಲ್ಲವೇ ಅಲ್ಲ. ತಟ್ಟೆಯ ಬಗ್ಗೆ, ಅದರೊಳಗಿನದನ್ನು ಹೊಸ ತಟ್ಟೆಗೆ ದಾಟಿಸುವ ದಿನದ ಬಗ್ಗೆ. ಸಾಯುವಾಗಲೂ ಇದೇ ಚಿಂತೆ ಎಂದು ಅವಳಿಗೆ ಸಿಟ್ಟು ಬಂತು.

ಡಬ್ಬದ ಸುತ್ತ ಓಡುವ ಕುದುರೆಗಳ ಚಿತ್ರವಿತ್ತು. ತಮ್ಮ ಅದನ್ನು ನೆಟ್ಟಗೆ ನಿಲ್ಲಿಸಿದ್ದ. ಮಣ್ಣಣ್ಣ ಇದ್ದಷ್ಟು ದಿನ ಅದು ಯಾವಾಗಲೂ ಬೋರಲಾಗಿ, ಮುಚ್ಚಳ ಕೆಳಗೆ ತಳ ಮೇಲೆ ಇರುತ್ತಿತ್ತು. ಒಳಗಿನ ತಟ್ಟೆ ಬೋರಲಾಗಿರಬೇಕು, ಇಲ್ಲದಿದ್ದರೆ ಮುಚ್ಚಳಕ್ಕೆ ಕಟ್ಟಿದ ಹನಿ ಬೆಳೆಯ ಮೇಲೆ ಬಿದ್ದು ಎಲ್ಲ ರಾಡಿಯಾಗುತ್ತದೆ ಅನ್ನುವುದು ಅವನ ವಾದ. ಕುದುರೆ ತಲೆಕೆಳಗಾಗಿ ಓಡುವುದನ್ನು ನೋಡಲಾಗುವುದಿಲ್ಲ ಅನ್ನುವುದು ಅವಳ ವಾದ. ಅವಳು ಗುಡಿಸುವಾಗ ನೆಟ್ಟಗೆ ಮಾಡುವುದು, ಅವನು ಬಂದು ಮಗುಚುವುದು, ಈ ಜಗಳದಲ್ಲಿ ಇಬ್ಬರೂ ಒಂದು ದಿನವೂ ಮಾತಾಡಿದವರಲ್ಲ. ಕೈಯಲ್ಲೇ ನಡೆಯುತ್ತಿತ್ತು.

*

ಇಪ್ಪತ್ತಮೂರು ವರ್ಷದ ಹಿಂದೆ ಇಂಥದೇ ಒಂದು ತಟ್ಟೆಯನ್ನು ಟೈಲರಕ್ಕ ತೊಳೆದಿದ್ದಳು.

ಅದು ಮಣ್ಣಣ್ಣನಿಗೆ ಮೊದಲ ಸಲ ಸಿಕ್ಕಿದ್ದ ಹೊಸ ಜಾತಿ. ಹನ್ನೊಂದನೆಯ ದಿನ ಕಣ್ಣಿಗೆ ಬೀಳುವಷ್ಟು ಬೆಳೆಯುತ್ತದೆಂದು ಲೆಕ್ಕ ಹಾಕಿದ್ದ, ಹನ್ನೊಂದನೆಯ ದಿನ ಭಾನುವಾರವಾಗಿ ಲ್ಯಾಬಿಗೆ ಬೀಗ. ಅದಕ್ಕೇ ಮನೆಗೆ ತಂದು ಅಡುಗೆಮನೆಯ ಗೂಡಿನಲ್ಲಿಟ್ಟು ಸ್ನಾನಕ್ಕೆ ಹೋಗಿದ್ದ. ಬಚ್ಚಲಿನಿಂದ ಹೊರಗೆ ಬರುವಷ್ಟರಲ್ಲಿ ಅವಳು ಬಿಸಿನೀರು, ಸೋಪಿನಪುಡಿ ಹಾಕಿ ಗಸಗಸ ಉಜ್ಜಿ, ಒರೆಸಿ, ಬಿಸಿಲಿಗಿಟ್ಟಿದ್ದಳು. ತಟ್ಟೆ ಫಳಫಳ ಹೊಳೆಯುತ್ತಿತ್ತು.

“ತೊಳೆದೆಯಾ?” ಎಂದು ಕೇಳಿದ್ದ.

“ಹೂಂ. ಎಷ್ಟು ಉಜ್ಜಿದ್ರೂ ಬಿಡ್ತಾನೇ ಇರ್ಲಿಲ್ಲ,” ಎಂದು ಅವಳು ಹೆಮ್ಮೆಯಿಂದಲೇ ಹೇಳಿದ್ದಳು.

ಬೈದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬೈಯಲಿಲ್ಲ. ಟವೆಲ್ಲಿನಲ್ಲೇ ಸ್ಟೂಲಿನ ಮೇಲೆ ಕೂತು ತಟ್ಟೆಯನ್ನು ನೋಡಿದ. ನಾಲ್ಕನೆಯ ದಿನ ಬಂದು, ಮಣ್ಣು ತರೋಕೆ ಹತ್ತು ಪುಟ್ಟ ಚೀಲ ಹೊಲಿದುಕೊಡು ಎಂದ. ಅವಳು ಹನ್ನೆರಡು ಹೊಲಿದುಕೊಟ್ಟಳು. ಆಮೇಲೆ ಪ್ರತಿ ವರ್ಷ ಅದೇ ಕಾಡಿಗೆ, ಅದೇ ಮರದ ಬುಡಕ್ಕೆ ಹೋದ. ಮಧ್ಯೆ ಮರವೂ ಬಿತ್ತು. ಒಂಬತ್ತನೆಯ ವರ್ಷ, ಬಿದ್ದ ಮರದ ಬೇರಿನಡಿಯ ಒಂದು ಹಿಡಿ ಮಣ್ಣಿನಲ್ಲಿ ಅದು ಮತ್ತೆ ಸಿಕ್ಕಿತು. ಅವಳು ಚೀಲ ಹೊಲಿಯುವುದನ್ನು ನಿಲ್ಲಿಸಿದ್ದು ಅವತ್ತೇ.

ತಟ್ಟೆ ಹೋದದ್ದಕ್ಕೆ ಆಫೀಸಿನಲ್ಲಿ ಏನು ಹೇಳಿದಿರಿ ಎಂದು ಒಮ್ಮೆ ಕೇಳಿದ್ದಳು. “ಏನೋ ಹೇಳಿದೆ ಬಿಡು” ಎಂದಿದ್ದ. ಏನು ಹೇಳಿರುತ್ತಾನೆ, ಇದ್ದದ್ದನ್ನು ಇದ್ದ ಹಾಗೆ ಹೇಳಿರುತ್ತಾನೆ. ಅಂದಿನಿಂದ ಲ್ಯಾಬಿನವರು ಯಾರು ಎದುರಿಗೆ ಬಂದು ನಕ್ಕರೂ ಅವಳಿಗೆ ಒಂದೇ ಕೇಳಿಸುತ್ತಿತ್ತು: ಓ, ತಟ್ಟೆ ತೊಳೆದವಳು. ಲ್ಯಾಬಿನ ಯಾವ ಸಮಾರಂಭಕ್ಕೂ ಅವಳು ಹೋಗಲಿಲ್ಲ. ಮನೆಗೆ ಬಂದ ಯಾವ ತಟ್ಟೆಯನ್ನೂ ಮುಟ್ಟಲಿಲ್ಲ. ತೊಳೆದ ಆ ತಟ್ಟೆ ಮಾತ್ರ ಹೊಲಿಗೆ ಯಂತ್ರದ ಮೇಲೆ ಗುಂಡುಪಿನ್ನು ಹಾಕಿಡುವುದಕ್ಕೆ ಆಯಿತು.

*

ಹತ್ತು ಗಂಟೆಗೆ ಮಣ್ಣಿನ ಲ್ಯಾಬಿನ ಮುಖ್ಯಸ್ಥರಾದ ಪ್ರೊಫೆಸರು ಬಂದರು. ಜೊತೆಗೆ ಲ್ಯಾಬಿನ ನಾಲ್ಕು ಜನ, ಒಂದು ದೊಡ್ಡ ಹೂವಿನ ಹಾರ, ಒಂದು ಐಸ್ ಪೆಟ್ಟಿಗೆ. ಹಾರವನ್ನು ಎಲ್ಲರೂ ನೋಡಿದರು, ಐಸ್ ಪೆಟ್ಟಿಗೆಯನ್ನು ಟೈಲರಕ್ಕ ನೋಡಿದಳು. ಹೆಣ ನೋಡಲು ಬಂದವರಿಗೆ ಐಸ್ ಪೆಟ್ಟಿಗೆ ಯಾಕೆ ಎಂದು ಅವಳಿಗೆ ಕ್ಷಣದಲ್ಲಿ ಹೊಳೆಯಿತು.

ಪ್ರೊಫೆಸರಿಗೆ ನಾಲ್ಕು ಜನ ಕೂತಿದ್ದರೆ ಮಾತಾಡದೆ ಇರಲಾಗುವುದಿಲ್ಲ. ಹಾರ ಹಾಕಿದ ಮೇಲೆ ಮಣ್ಣಣ್ಣನ ಹಳೆಯ ದಿನಚರಿ ಪುಸ್ತಕ ತೆಗೆದು, ಇಂಥ ಕೆಲಸಗಾರನನ್ನು ತಾವು ಕಂಡಿಲ್ಲವೆಂದೂ, ಅವರ ಬರಹದಿಂದಲೇ ನಾಲ್ಕು ಸಾಲು ಓದುವುದಾಗಿಯೂ ಹೇಳಿದರು. ಕನ್ನಡಕ ಏರಿಸಿ ಗಂಭೀರವಾಗಿ ಓದಿದರು:

“ಭಾಮೈದ ಇಂದೂ ಅಲ್ಲಾಡಲಿಲ್ಲ. ಇಪ್ಪತ್ತೆರಡು ಬಗೆಯ ಸಕ್ಕರೆ ಕೊಟ್ಟು ನೋಡಿದೆ, ಹತ್ತೊಂಬತ್ತು ತಿಂದ. ಬಿಸಿ ತಡೆಯುವುದಿಲ್ಲ, ಚಳಿ ತಡೆಯುವುದಿಲ್ಲ, ಉಪ್ಪು ಸ್ವಲ್ಪ ಹೆಚ್ಚಾದರೆ ಮುದುಡಿಕೊಳ್ಳುತ್ತಾನೆ. ಹನ್ನೊಂದು ದಿನಕ್ಕೆ ಮೊದಲು ಏನೂ ಮಾಡುವವನಲ್ಲ.”

ಹಾಲ್‌ನಲ್ಲಿ ಕೆಮ್ಮು ಶುರುವಾಯಿತು. ಟೀ ತಟ್ಟೆ ಹಿಡಿದು ನಿಂತಿದ್ದ ತಮ್ಮ ಕಿವಿ ನಿಮಿರಿಸಿದ. ತನ್ನ ಭಾವ ತನ್ನ ಬಗ್ಗೆ ಇಷ್ಟೊಂದು ಬರೆದಿಟ್ಟಿದ್ದಾರೆಂದು ಮೊದಲು ಅವನ ಕಣ್ಣು ತುಂಬಿತು. ಹತ್ತೊಂಬತ್ತು ಬಗೆ ಯಾವಾಗ ತಿಂದೆನೆಂದು ಆಮೇಲೆ ಲೆಕ್ಕ ಹಾಕತೊಡಗಿದ. ಟೈಲರಕ್ಕನ ಮಗಳು ಮುಖಕ್ಕೆ ಕರವಸ್ತ್ರ ಒತ್ತಿಕೊಂಡಳು. ಅತ್ತು ಅತ್ತು ಊದಿದ್ದ ಮುಖ ಈಗ ನಗುವಿಗೆ ಅದುರುತ್ತಿತ್ತು, ನೋಡಿದವರು ಪಾಪ ಎಷ್ಟು ದುಃಖ ಅಂದರು.

“ಭಾಮೈದ ಅಂದ್ರೆ ಆ ಬ್ಯಾಕ್ಟೀರಿಯಾ ಕಣೋ ಮಾವ,” ಎಂದು ಅವಳು ಪಿಸುಗುಟ್ಟಿದಳು. “ಬಂದು ಕೂತ್ರೆ ಹನ್ನೊಂದು ದಿನ ಅಲ್ಲಾಡಲ್ಲ ಅಂತ ಅಪ್ಪ ಹಾಗೆ ಕರೀತಿದ್ರು.”

ಸುದ್ದಿ ಅರಗಿಸಿಕೊಳ್ಳಲು ತಮ್ಮನಿಗೆ ಒಂದು ಲೋಟ ಟೀ ಬೇಕಾಯಿತು.

ಪ್ರೊಫೆಸರು ಪುಟ ತಿರುವುತ್ತಿದ್ದರು. ತಪ್ಪಾದರೆ ಒಪ್ಪಿಕೊಳ್ಳುವ ದೊಡ್ಡ ಗುಣ ಮಣ್ಣಣ್ಣನದು, ಇದನ್ನೊಂದು ಕೇಳಿ ಎಂದು ಇಪ್ಪತ್ತಮೂರು ವರ್ಷದ ಹಿಂದಿನ ತಾರೀಕು ಓದಿದರು. ಟೈಲರಕ್ಕ ತಲೆ ತಗ್ಗಿಸಿದಳು. ನಲವತ್ತು ಜನರ ಮುಂದೆ, ಹೆಣದ ಮುಂದೆ, ಈಗ ಹೊರಗೆ ಬೀಳುತ್ತದೆ.

“ಹೊಸ ಮಾದರಿ ಇದ್ದ ತಟ್ಟೆ ಇಂದು ನನ್ನ ಕೈಜಾರಿ ಬಿದ್ದು ಒಡೆಯಿತು. ಅಜಾಗರೂಕತೆ ಪೂರ್ತಿ ನನ್ನದು.”

ಆ ತಪ್ಪಿಗೆ ಮೇಲಿನವರು ನಾಲ್ಕು ವರ್ಷ ಅವರ ಸಂಬಳದ ಬಡ್ತಿ ತಡೆಹಿಡಿದರು, ಆದರೂ ಒಂದು ಮಾತು ಸಮಜಾಯಿಷಿ ಕೊಡಲಿಲ್ಲ ಎಂದು ಪ್ರೊಫೆಸರು ಪುಸ್ತಕ ಮುಚ್ಚಿದರು. ಟೈಲರಕ್ಕ ಹೊಲಿಗೆ ಯಂತ್ರದ ಕಡೆ ನೋಡಿದಳು. ಒಡೆದುಹೋದ ತಟ್ಟೆ ಅಲ್ಲಿ ಗುಂಡುಪಿನ್ನು ತುಂಬಿಕೊಂಡು ಒಂದು ಗೀರೂ ಇಲ್ಲದೆ ಕೂತಿತ್ತು. ಇಷ್ಟು ವರ್ಷ ಇವರೆಲ್ಲ ನಕ್ಕಾಗ ಸುಮ್ಮನೆ ನಕ್ಕಿದ್ದರಷ್ಟೆ. ಹೇಳಬಾರದಿತ್ತೇ ಮಾರಾಯ, ಒಂದು ಮಾತು ನನಗಾದರೂ ಹೇಳಬಾರದಿತ್ತೇ ಎಂದು ಅವಳು ಹೆಣದ ಕಡೆ ತಿರುಗಿ ಮನಸ್ಸಿನಲ್ಲೇ ಬೈದಳು. ಎರಡು ದಿನದಿಂದ ಬಾರದ ಅಳು ಆಗ ಬಂತು.

ಅಳು ಒಂದು ಹದಕ್ಕೆ ಬಂದದ್ದೇ ಎದ್ದಳು. ಒಂದನ್ನು ಸೋಪು ಹಾಕಿ ಕೊಂದಾಗಿದೆ. ಎರಡನೆಯದೂ ತನ್ನ ಮನೆಯಲ್ಲೇ, ಇವತ್ತೇ ಸತ್ತರೆ ಆ ಮನುಷ್ಯನಿಗೆ ಏನೆಂದು ಹೇಳುವುದು? ಪ್ರೊಫೆಸರನ್ನೂ ಲ್ಯಾಬಿನವರನ್ನೂ ಅಡುಗೆಮನೆಗೆ ಕರೆದು ತಟ್ಟೆ ತೋರಿಸಿ, ತಮ್ಮ ಮಾಡಿದ್ದನ್ನು ಹೇಳಿದಳು.

ಪ್ರೊಫೆಸರು ತಲೆ ಮೇಲೆ ಕೈಹೊತ್ತರು. ಹೊಸ ಜಾತಿ ಎಂದು ಜಗತ್ತು ಒಪ್ಪಬೇಕಾದರೆ ಎರಡು ಬೇರೆ ಬೇರೆ ದೇಶದ ಸಂಗ್ರಹಾಲಯಗಳಲ್ಲಿ ಅದನ್ನು ಜೀವಂತವಾಗಿ ಇಡಬೇಕು. ಒಂದು ದೇಶದವರು ಬೆಳೆಸಿ ಪತ್ರ ಕೊಟ್ಟಿದ್ದರು, ಮೊನ್ನೆ ಅವರದೂ ಸತ್ತಿತೆಂದು ಕಾಗದ ಬಂದಿತ್ತು. ಇನ್ನೊಂದು ದೇಶದವರು ಎರಡು ಸಲ ಸತ್ತದ್ದು ಬಂತೆಂದು ವಾಪಸು ಬರೆದಿದ್ದರು. ಲ್ಯಾಬಿನಲ್ಲಿದ್ದದ್ದು ಮಣ್ಣಣ್ಣ ನಿವೃತ್ತನಾದ ವರ್ಷವೇ ಸತ್ತಿತ್ತು. ಈಗ ತೆರೆದ ತಟ್ಟೆಗೆ ಗಾಳಿಯಲ್ಲಿನ ಬೂಷ್ಟು ಬಿದ್ದಿರುತ್ತದೆ, ನಾಳೆ ಹೊತ್ತಿಗೆ ಅದೇ ಹಬ್ಬಿ ಭಾಮೈದನನ್ನು ನುಂಗುತ್ತದೆ. ಈಗಲೇ ಚೂರು ಎತ್ತಿ ಹೊಸ ತಟ್ಟೆಗೆ ದಾಟಿಸಬೇಕು.

“ಹಾಗಾದ್ರೆ ದಾಟಿಸಿ,” ಎಂದಳು ಟೈಲರಕ್ಕ. ಫ್ರಿಜ್ಜಿನ ಬಾಗಿಲಲ್ಲಿ ಗಂಡ ಆಹಾರ ಹಾಕಿ ಸಿದ್ಧ ಮಾಡಿಟ್ಟಿದ್ದ ಎರಡು ಹೊಸ ತಟ್ಟೆಗಳಿದ್ದವು. ತೆಗೆದು ಮುಂದಿಟ್ಟಳು.

ಲ್ಯಾಬಿನ ಐದು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬರದು ಯಂತ್ರ ನಡೆಸುವ ಕೆಲಸ, ಇನ್ನಿಬ್ಬರದು ಕಂಪ್ಯೂಟರಿನಲ್ಲಿ ವಂಶಾವಳಿ ಹೋಲಿಸುವ ಕೆಲಸ, ನಾಲ್ಕನೆಯವರು ಲೆಕ್ಕಪತ್ರದವರು. ಈ ಕೈಕೆಲಸವನ್ನೆಲ್ಲ ಮಣ್ಣಣ್ಣನೇ ಮಾಡುತ್ತಿದ್ದುದರಿಂದ ಬೇರೆ ಯಾರೂ ಕಲಿಯುವ ಗೋಜಿಗೆ ಹೋಗಿರಲಿಲ್ಲ. ಕೊನೆಗೆ ಪ್ರೊಫೆಸರೇ ತೋಳು ಮಡಚಿದರು. ಬೆಳೆಯ ಚೂರು ಎತ್ತುವ ತಂತಿಯ ಕುಣಿಕೆಯನ್ನು ಅವರು ಕೈಯಲ್ಲಿ ಹಿಡಿದು ಇಪ್ಪತ್ತು ವರ್ಷವಾಗಿತ್ತು. ಗ್ಯಾಸಿನ ಉರಿಯಲ್ಲಿ ಅದನ್ನು ಕೆಂಪಗೆ ಕಾಯಿಸಿದರು, ಹೊಸ ತಟ್ಟೆಯ ಮುಚ್ಚಳ ತೆಗೆದರು, ಅಭ್ಯಾಸಬಲದಿಂದ ಪಾಠ ಶುರುಮಾಡಿದರು. ಇಲ್ಲಿ ಮುಖ್ಯವಾಗಿ ಗಮನಿಸಬೇಕಾದ್ದು ಏನೆಂದರೆ ತೆರೆದ ತಟ್ಟೆಯ ಮೇಲೆ ಯಾರೂ ಮಾತಾಡಬಾರದು, ಏಕೆಂದರೆ ಬಾಯಿಯಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿರುತ್ತವೆ, ಎಂದು ತೆರೆದ ತಟ್ಟೆಯ ಮೇಲೆ ಬಾಗಿ ಎರಡು ನಿಮಿಷ ವಿವರಿಸಿ, ಕೊನೆಯಲ್ಲಿ ಒಂದು ಸೀನು ಸೀನಿದರು.

ಆ ತಟ್ಟೆ ಕೆಟ್ಟಿತು. ಉಳಿದದ್ದು ಒಂದು ತಟ್ಟೆ.

“ಸರ್,” ಎಂದಳು ಟೈಲರಕ್ಕ, “ಬಾಯಿ ಮುಚ್ಚಿ, ಆ ಕಡೆ ನಿಂತ್ಕೊಳ್ಳಿ.”

*

ಪ್ರತಿ ತಿಂಗಳು ಇದೇ ಒಲೆಯ ಮುಂದೆ ಮಣ್ಣಣ್ಣ ಈ ಕೆಲಸ ಮಾಡುತ್ತಿದ್ದ. ಅವಳು ಬಾಗಿಲಲ್ಲಿ ಕೂತು ಕಾಜ ಹಾಕುತ್ತಲೋ ಗುಂಡಿ ಹೊಲಿಯುತ್ತಲೋ ಓರೆಗಣ್ಣಿನಲ್ಲಿ ನೋಡುತ್ತಿದ್ದಳು. ನೀನು ಮಾಡು ಬಾ, ನಿನ್ನ ಕೈ ನನಗಿಂತ ನಿಗಾ, ಸೂಜಿಗೆ ದಾರ ಪೋಣಿಸೋರಿಗೆ ಇದು ಯಾವ ಲೆಕ್ಕ ಎಂದು ಎಷ್ಟೋ ಸಲ ಕರೆದಿದ್ದ.

“ನಾನು ಮುಟ್ಟಿದ್ದು ಸಾಕು,” ಎಂದು ಅವಳು ಪ್ರತಿ ಸಲವೂ ಹೇಳಿದ್ದಳು.

“ದಾರ ಓಡಿಸಿದ ಹಾಗೆ ಕಣೇ. ಹೋಗೋದು, ತಿರುಗೋದು, ಬರೋದು. ಒತ್ತಬಾರದು ಅಷ್ಟೇ. ಒತ್ತಿದ್ರೆ ಹರಿಯುತ್ತೆ.”

*

ಅವಳು ತಂತಿ ಕಾಯಿಸಿದಳು. ಆರಲು ಬಿಟ್ಟಳು. ಹಳೆಯ ತಟ್ಟೆಯ ಮುಚ್ಚಳವನ್ನು ಉರಿಯ ಪಕ್ಕದಲ್ಲೇ ಒಂದು ಬೆರಳಷ್ಟು ಎತ್ತಿ ಒಳಗೆ ನೋಡಿದಳು, ನೋಡಿ ಅಲ್ಲೇ ನಿಂತಳು.

ಈ ಜೀವಿ ತಂತಿ ಹೋದ ದಾರಿಯಲ್ಲಿ ಮಾತ್ರ ಬೆಳೆಯುತ್ತದೆ. ಮಣ್ಣಣ್ಣ ಆಸ್ಪತ್ರೆಗೆ ಸೇರಿದ ದಿನ ಬೆಳಿಗ್ಗೆ, ನನಗೇನೂ ಆಗಿಲ್ಲ, ಕೈಕಾಲು ಗಟ್ಟಿಯಾಗಿದೆ ಎಂದು ಅವಳಿಗೆ ಹೇಳುತ್ತ ಹೇಳುತ್ತಲೇ ಎಳೆದ ಗೆರೆಗಳು ಅವು. ಮೊದಲ ಎರಡು ಸಾಲು ನೆಟ್ಟಗಿದ್ದವು. ಮೂರನೆಯದು ನಡುಗಿತ್ತು. ನಾಲ್ಕನೆಯದು ಎತ್ತಲೋ ಜಾರಿ, ತಟ್ಟೆಯ ಅಂಚಿಗೆ ತಗಲಿ, ಅಲ್ಲಿಂದ ಕಷ್ಟಪಟ್ಟು ವಾಪಸು ಬಂದಿತ್ತು. ನಡುಗಿದ ಒಂದೊಂದು ತಿರುವಿನಲ್ಲೂ ಬೂದು ಬಣ್ಣದ ಪುಟ್ಟ ಪುಟ್ಟ ಚುಕ್ಕೆಗಳು ಚೆನ್ನಾಗಿ ಬೆಳೆದು ನಿಂತಿದ್ದವು. ಸುಳ್ಳು ಹೇಳಿದ್ದೀರಲ್ಲ ರೀ ಎಂದು ಅವಳಿಗೆ ಕೇಳಬೇಕೆನಿಸಿತು. ಆದರೆ ತೆರೆದ ತಟ್ಟೆಯ ಮೇಲೆ ಮಾತಾಡಬಾರದು, ಅಳಲೂಬಾರದು. ಉಸಿರು ಬಿಗಿಹಿಡಿದು, ನಾಲ್ಕನೆಯ ಸಾಲಿನ ಕೊನೆಯ ಚುಕ್ಕೆಯಿಂದ ಒಂದು ಚೂರು ಎತ್ತಿ ಹೊಸ ತಟ್ಟೆಯ ಮೇಲೆ ಓಡಿಸಿದಳು. ಹೋಗೋದು, ತಿರುಗೋದು, ಬರೋದು. ಒತ್ತಲಿಲ್ಲ.

ಹೊರಗೆ ಹೆಣದ ಗಾಡಿ ಹಾರ್ನ್ ಹೊಡೆಯಿತು. ಪ್ರೊಫೆಸರು ಉಸಿರುಬಿಟ್ಟು ಐಸ್ ಪೆಟ್ಟಿಗೆ ಮುಂದೆ ತಂದರು.

“ಚಳಿ ತಡೆಯಲ್ಲ ಅಂತ ಈಗ ತಾನೇ ಓದಿದ್ರಿ,” ಎಂದಳು ಅವಳು. “ಹನ್ನೊಂದು ದಿನ ಬಿಟ್ಟು ಬನ್ನಿ. ಇದು ಬೆಳೆದು ಬಂದ್ರೆ ಎರಡು ತಟ್ಟೆ ಮಾಡಿಕೊಡ್ತೀನಿ, ಎರಡು ದೇಶಕ್ಕೂ ಕಳಿಸಿ. ಬರ್ತಾ ಕಲಿಯೋ ಮನಸ್ಸಿರೋ ಒಬ್ಬರನ್ನ ಕರ್ಕೊಂಡು ಬನ್ನಿ.”

ಕೋಟಿ ವಿದ್ಯೆ ಬಲ್ಲ ಪ್ರೊಫೆಸರು ಹೂಂ ಎಂದು ತಲೆಯಾಡಿಸಿದರು. ಹೊಸ ತಟ್ಟೆಯನ್ನಿಟ್ಟ ಡಬ್ಬವನ್ನು ಮನೆಯಲ್ಲಿ ಬಿಟ್ಟುಹೋಗಲು ಅವಳಿಗೆ ಧೈರ್ಯ ಬರಲಿಲ್ಲ. ಬಿಸ್ಕತ್ತಿನ ಡಬ್ಬ ಕಂಡರೆ ಯಾರು ಕೈ ಹಾಕುವುದಿಲ್ಲ? ಮಡಿಲಲ್ಲಿಟ್ಟುಕೊಂಡು ಗಾಡಿ ಹತ್ತಿದಳು. ಹಸಿವು ತಡೆಯಲ್ಲ ಪಾಪ, ಸಕ್ಕರೆ ಕಾಯಿಲೆ ಇರಬೇಕು ಎಂದು ನೆರೆಯವರು ಮಾತಾಡಿಕೊಂಡರು.

ಸ್ಮಶಾನದಲ್ಲಿ ಹೆಣದ ಪೆಟ್ಟಿಗೆಯನ್ನು ಗುಂಡಿಗೆ ಇಳಿಸಿದ ಮೇಲೆ ಎಲ್ಲರೂ ಸಾಲಾಗಿ ಬಂದು ಒಂದು ಹಿಡಿ ಮಣ್ಣು ಹಾಕಬೇಕಿತ್ತು. ಮೊದಲು ಪ್ರೊಫೆಸರು. ಮಣ್ಣು ಹಿಡಿದರು, ಅಭ್ಯಾಸದಂತೆ ಮೂಗಿಗೆ ತಂದು ಮೂಸಿದರು, ಆಮೇಲೆ ಹಾಕಿದರು. ಹಿಂದಿದ್ದ ಲ್ಯಾಬಿನವರೂ ಬೆರಳಲ್ಲಿ ಉಜ್ಜಿ ನೋಡಿ, ಮೂಸಿ, ಹಾಕಿದರು. ಅವರ ಹಿಂದಿದ್ದ ನೆಂಟರು ಓಹೋ ಕ್ರಮ ಇದೇ ಇರಬೇಕೆಂದು ಒಬ್ಬೊಬ್ಬರಾಗಿ ಭಕ್ತಿಯಿಂದ ಮೂಸತೊಡಗಿದರು. ತಮ್ಮ ಎರಡು ಸಲ ಮೂಸಿದ. ಇಷ್ಟು ವರ್ಷದಲ್ಲಿ ಇಂಥ ಜನ ನೋಡಿಲ್ಲ ಎಂದು ಗುಂಡಿ ತೋಡಿದವನು ಗುದ್ದಲಿಯ ಮೇಲೆ ಗಲ್ಲ ಊರಿ ನಿಂತ.

ಪ್ರೊಫೆಸರು ಗುಂಡಿಯ ಪಕ್ಕದ ರಾಶಿಯನ್ನೇ ನೋಡುತ್ತಿದ್ದರು. ಜೇಬಿನಿಂದ ಒಂದು ಪುಟ್ಟ ಚೀಲ ಇಣುಕುತ್ತಿತ್ತು. ಟೈಲರಕ್ಕ ತಮ್ಮನ್ನು ನೋಡುತ್ತಿದ್ದಾಳೆಂದು ತಿಳಿದು ನಾಚಿಕೊಂಡರು.

“ಆರಡಿ ಆಳದ ಮಣ್ಣು ಸುಮ್ನೆ ಸಿಗಲ್ಲ ನೋಡಿ. ತಪ್ಪು ತಿಳ್ಕೋಬೇಡಿ.”

“ತಗೊಳ್ಳಿ ಸರ್. ಅವರಿದ್ದಿದ್ರೆ ನಿಮಗಿಂತ ಮುಂಚೆ ತಗೊಂಡಿರ್ತಿದ್ರು.”

ಕೊನೆಗೆ ಅವಳ ಸರದಿ. ಡಬ್ಬವನ್ನು ತಮ್ಮನ ಕೈಗೆ ಕೊಟ್ಟು, ಬಗ್ಗಿ ಹಿಡಿ ತುಂಬಿಕೊಂಡಳು. ಅವಳೂ ಮೂಸಿದಳು. ಮೂವತ್ತು ಚಿಲ್ಲರೆ ವರ್ಷ ಅಂಗಿ ಒಗೆಯುವಾಗಲೆಲ್ಲ ಬೈದುಕೊಂಡ ಅದೇ ವಾಸನೆ. ಮೂಗು ತೆಗೆಯಲು ಮನಸ್ಸಾಗದೆ ಅವಳು ತುಸು ಹೆಚ್ಚು ಹೊತ್ತೇ ನಿಂತಳು. ಹಿಂದಿನಿಂದ ಮಗಳು ಬೆನ್ನು ಸವರಿದ ಮೇಲೆ ಮುಷ್ಟಿ ಬಿಚ್ಚಿದಳು.

ತಿರುಗಿ ಬಂದಾಗ ತಮ್ಮ ಡಬ್ಬವನ್ನು ಎರಡೂ ಕೈಯಲ್ಲಿ ಎದೆಗವುಚಿ ಹಿಡಿದು, ಒಂದಿಷ್ಟೂ ಅಲ್ಲಾಡದೆ ನಿಂತಿದ್ದ. ಅಷ್ಟು ಜೋಪಾನವಾಗಿ ಅವನು ಏನನ್ನಾದರೂ ಹಿಡಿದದ್ದನ್ನು ಅವಳು ಕಂಡೇ ಇರಲಿಲ್ಲ.

“ಅಕ್ಕ, ಇವನು ಏಳೋವರೆಗೆ ನಾನೂ ಇಲ್ಲೇ ಇರ್ತೀನಿ. ಹನ್ನೊಂದು ದಿನ.”

“ಇರ್ತೀಯ ಅಂತ ಗೊತ್ತು ಬಿಡು.”

ಗಾಡಿ ಹೊರಟಿತು. ಅವಳು ಮಡಿಲಲ್ಲಿದ್ದ ಡಬ್ಬವನ್ನು ನೋಡಿದಳು. ಒಳಗಿನ ತಟ್ಟೆಯಲ್ಲಿ ಅವಳು ಎಳೆದ ಗೆರೆ ಇನ್ನೂ ಯಾರ ಕಣ್ಣಿಗೂ ಕಾಣುವಂತಿರಲಿಲ್ಲ. ಹೊರಗೆ ತಮ್ಮ ಹಿಡಿದುಕೊಟ್ಟ ಹಾಗೆಯೇ ಕುದುರೆಗಳು ನೆಟ್ಟಗೆ, ನೆಲದ ಮೇಲೆ ಕಾಲಿಟ್ಟು ಓಡುತ್ತಿದ್ದವು. ಮಣ್ಣು ಮೆತ್ತಿದ ಕೈಯಿಂದ ಅವಳು ಡಬ್ಬವನ್ನು ನಿಧಾನವಾಗಿ ಮಗುಚಿ ಬೋರಲು ಹಾಕಿದಳು. ದಾರಿಯುದ್ದಕ್ಕೂ ಕುದುರೆಗಳೆಲ್ಲ ಕಾಲು ಮೇಲೆ ಮಾಡಿಕೊಂಡು ಅವಳ ಮಡಿಲಲ್ಲಿ ಓಡಿದವು.